ಜಟ್ಟಿ ಕಾರು ಮತ್ತು ನನ್ನ ನಕಲಿ ಮೇಕೆ

(ಮೈಸೂರಿನಲ್ಲಿ ಹಳೆಯ ವಾಹನಗಳ ಆಸಕ್ತರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಸಭೆಯಲ್ಲಿ ನಡೆದ ಒಂದೆರಡು ಸಂಗತಿಗಳನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ.)

ನಮಸ್ಕಾರ. ಆಹ್ವಾನ ಪತ್ರಿಕೆಯಲ್ಲಿ ನನ್ನ ಹೆಸರಿನ ಕೆಳಗೆ ‘ಅಮೆರಿಕದ ಮಸಲ್ ಕಾರುಗಳು’ ಎಂದು ಅಚ್ಚಾಗಿದೆ. ಬಾಗಿಲಲ್ಲಿ ಸಿಕ್ಕ ಹಿರಿಯರೊಬ್ಬರು ಅದನ್ನು ಓದಿ, “ಮಸಲ್ ಎಂದರೆ ಮಾಂಸಖಂಡ ತಾನೇ? ಕಾರಿಗೆ ಅದು ಎಲ್ಲಿಂದ ಬಂತು?” ಎಂದು ಕೇಳಿದರು. ನನಗೆ ಆಗ ಉತ್ತರ ಹೊಳೆಯಲಿಲ್ಲ. ವೇದಿಕೆಯ ಮೆಟ್ಟಿಲು ಹತ್ತುವಾಗ ಹೊಳೆಯಿತು. ಗರಡಿಮನೆಗಳಿರುವ ಈ ಊರಿನಲ್ಲಿ ನಿಂತು ಅದಕ್ಕೆ ಪದ ಹುಡುಕುವುದೆಂದರೇನು! ಜಟ್ಟಿ ಕಾರು ಎನ್ನೋಣ. ನೋಡಲು ನಮ್ಮ ನಿಮ್ಮ ಎತ್ತರದ ಆಳು, ಎದೆ, ಅಂದರೆ ಎಂಜಿನ್, ಮಾತ್ರ ಇಬ್ಬರದು.

ಮೊದಲೇ ಒಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ. ನಾನು ಬ್ರೇಕಿನ ಎಂಜಿನಿಯರ್. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಇಪ್ಪತ್ತಾರು ವರ್ಷ ಅದೇ ಕೆಲಸ ಮಾಡಿ ನಿವೃತ್ತನಾದವನು. ಓಡುವುದನ್ನು ನಿಲ್ಲಿಸುವುದೇ ನನ್ನ ಅನ್ನ. ಅಂಥವನು ಜೀವನಪೂರ್ತಿ ಪ್ರೀತಿಸಿದ್ದು ನೆಟ್ಟಗೆ ನಿಲ್ಲಲು ಬಾರದ ಕಾರುಗಳನ್ನು. ಪುರೋಹಿತರು ಸಂಜೆಯಾದರೆ ಇಸ್ಪೀಟಿನ ಮನೆಗೆ ಹೋದ ಹಾಗಾಯಿತು ಎಂದು ನನ್ನ ಹೆಂಡತಿ ಹೇಳುತ್ತಾಳೆ.

ಈ ಚಟ ಹತ್ತಿದ್ದು ಸಕಲೇಶಪುರದ ಹತ್ತಿರದ ಒಂದು ಕಾಫಿ ತೋಟದಲ್ಲಿ. ಅಪ್ಪ ಅಲ್ಲಿ ರೈಟರು. ತೋಟದ ಯಜಮಾನರ ಬಳಿ ಒಂದು ಹಳೆಯ ಪ್ಲಿಮತ್ ಇತ್ತು. ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿಯವರು ಬಿಡಿಭಾಗ ತರಿಸಿ ಜೋಡಿಸುತ್ತಿದ್ದ ಅಮೆರಿಕನ್ ಕಾರು. ಆರು ಸಿಲಿಂಡರಿನ, ಗೊಣಗದೆ ಗುಂಯ್‌ಗುಡುತ್ತಿದ್ದ ಸಾಧು ಪ್ರಾಣಿ. ಯಜಮಾನರು ಓದಿ ಬಿಟ್ಟ ಅಮೆರಿಕದ ಪತ್ರಿಕೆಗಳು ನಮ್ಮ ಮನೆಗೆ ಬರುತ್ತಿದ್ದವು. ಅವನ್ನು ಓದುವವರು ಯಾರೂ ಇರಲಿಲ್ಲ. ಅಮ್ಮ ಹಾಳೆ ಬಿಡಿಸಿ ಅಡುಗೆಮನೆಯ ಗೂಡಿನಲ್ಲಿ ಡಬ್ಬಿಗಳ ಕೆಳಗೆ ಹಾಸುತ್ತಿದ್ದಳು. ಹುರುಳಿ ಡಬ್ಬಿಯ ಕೆಳಗಿನ ಹಾಳೆಯಲ್ಲಿ ಒಂದು ಕಾರಿನ ಜಾಹೀರಾತು ಇತ್ತು. ದೀಪಗಳು ಅಕ್ಕಪಕ್ಕ ಇರದೆ ಒಂದರ ಮೇಲೊಂದು ಕುಳಿತಿದ್ದವು. ಮುಂದಿನ ಜಾಲರಿಯಲ್ಲಿ ಮೂರು ಅಕ್ಷರ: ಜಿ, ಟಿ, ಓ. ಪಕ್ಕದ ಎಣ್ಣೆ ಡಬ್ಬಿಯ ಗುಂಡನೆಯ ಜಿಡ್ಡು ಕಾರಿನ ಹಿಂಭಾಗದಲ್ಲಿ ಸರಿಯಾಗಿ ಒತ್ತಿಕೊಂಡು, ಆ ಕಾರಿಗೆ ಐದನೆಯ ಚಕ್ರವೊಂದಿದೆ ಎಂದೇ ನಾನು ಬಹಳ ದಿನ ನಂಬಿದ್ದೆ. ಯುಗಾದಿಗೆ ಗೂಡು ತೊಳೆದು ಹೊಸ ಹಾಳೆ ಹಾಸುವಾಗ ಅಮ್ಮ ಅದನ್ನು ಒಲೆಗೆ ಹಾಕಲು ಹೊರಟಳು. ಅತ್ತು ಉಳಿಸಿಕೊಂಡೆ.

ಆ ಮೂರು ಅಕ್ಷರಗಳ ಕತೆ ಆರಂಭವಾಗುವುದು ಒಂದು ನಿಷೇಧದಿಂದ. 1963ರ ಜನವರಿಯಲ್ಲಿ ಜನರಲ್ ಮೋಟರ್ಸ್ ತನ್ನ ವಿಭಾಗಗಳಿಗೆಲ್ಲ ರೇಸಿನ ಸಹವಾಸ ಬಿಡಿ ಎಂದು ಕಟ್ಟಪ್ಪಣೆ ಮಾಡಿತು. ಷೆವ್ರೊಲೆ, ಬ್ಯೂಯಿಕ್, ಪಾಂಟಿಯಾಕ್ ಎಲ್ಲವೂ ಅದರ ವಿಭಾಗಗಳೇ. ಹೆಚ್ಚು ಪೆಟ್ಟು ಬಿದ್ದದ್ದು ಪಾಂಟಿಯಾಕ್‌ಗೆ. ಒಂದು ಕಾಲದಲ್ಲಿ ಮಧ್ಯವಯಸ್ಕರ ಮರ್ಯಾದಸ್ಥ ಕಾರು ಎನಿಸಿಕೊಂಡಿದ್ದ ಪಾಂಟಿಯಾಕ್, ರೇಸಿನ ಗೆಲುವುಗಳಿಂದಲೇ ಹುಡುಗರ ಬಾಯಲ್ಲಿ ಬಂದಿತ್ತು. ರೇಸು ಹೋದರೆ ಹುಡುಗರೂ ಹೋಗುತ್ತಾರೆ.

ಪಾಂಟಿಯಾಕ್‌ನ ಮುಖ್ಯ ಎಂಜಿನಿಯರ್ ಜಾನ್ ಡಿಲೋರಿಯನ್ ಆಗ ಇನ್ನೂ ನಲವತ್ತು ದಾಟಿರಲಿಲ್ಲ. ಹುಟ್ಟಿದ್ದು ಡೆಟ್ರಾಯಿಟ್‌ನಲ್ಲೇ, ತಂದೆ ರೊಮೇನಿಯಾದಿಂದ ಬಂದು ಫೋರ್ಡ್ ಕಾರ್ಖಾನೆಯಲ್ಲಿ ದುಡಿದವರು. ಶನಿವಾರಗಳಂದು ಡಿಲೋರಿಯನ್ ತಂಡ ಮಿಲ್‌ಫರ್ಡ್‌ನ ಪರೀಕ್ಷಾ ಮೈದಾನದಲ್ಲಿ ಸೇರುತ್ತಿತ್ತು. ಅಂಥ ಒಂದು ಶನಿವಾರ ಟೆಂಪೆಸ್ಟ್ ಎಂಬ ಹೊಸ ಮಧ್ಯಮ ಗಾತ್ರದ ಕಾರು ಮೇಲೆತ್ತಿ ನಿಂತಿತ್ತು. ಒಳಗಿದ್ದದ್ದು 326 ಘನ ಇಂಚಿನ ಎಂಜಿನ್. ಬಿಲ್ ಕಾಲಿನ್ಸ್ ಎಂಬ ಎಂಜಿನಿಯರ್ ಹೇಳಿದ್ದು ಇಷ್ಟು: ದೊಡ್ಡ ಕಾರುಗಳಿಗೆ ಹಾಕುವ ನಮ್ಮ 389 ಇದೆಯಲ್ಲ, ಅದರ ಹೊರ ಅಳತೆಯೂ ಇದರದ್ದೇ, ಕೂರುವ ಜಾಗವೂ ಇದೇ.

ನಿಜ. ಪಾಂಟಿಯಾಕ್‌ನ ಆ ಕಾಲದ ಎಂಟು ಸಿಲಿಂಡರಿನ ವಿ-8 ಎಂಜಿನ್‌ಗಳು ಹೊರಗಿನಿಂದ ನೋಡಿದರೆ ಅವಳಿ ಜವಳಿ. ಈ ಎರಡರಲ್ಲಿ ಒಳಗೆ ಕೊರೆದ ರಂಧ್ರದ ಅಗಲ ಮಾತ್ರ ಬೇರೆ. ಸಣ್ಣದನ್ನು ಇಳಿಸಿ ದೊಡ್ಡದನ್ನು ಏರಿಸಿದರೆ ಬೋಲ್ಟುಗಳು ಸಹ ಅವೇ ತೂತುಗಳಿಗೆ ಕೂರುತ್ತವೆ. ಅವರು ಹಾಗೆಯೇ ಮಾಡಿದರು. 389 ಘನ ಇಂಚು ಎಂದರೆ 6.4 ಲೀಟರ್. ನಾವು ಆಗ ಹತ್ತು ಜನ ತುಂಬಿಕೊಂಡು ಓಡಾಡುತ್ತಿದ್ದ ಅಂಬಾಸಿಡರ್‌ನದು ಒಂದೂವರೆ ಲೀಟರ್. ನಾಲ್ಕು ಅಂಬಾಸಿಡರ್‌ಗಳ ಹೊಟ್ಟೆ ಒಂದೇ ಕಾರಿನಲ್ಲಿ ಎಂದುಕೊಳ್ಳಿ. ಅಂಬಾಸಿಡರ್‌ನ ಅಶ್ವಶಕ್ತಿ ಐವತ್ತರ ಆಸುಪಾಸು, ಇದರದು 325. ಮೂರು ಕಾರ್ಬುರೇಟರ್ ಹಾಕಿಸಿಕೊಂಡರೆ 348.

ತೊಡಕು ಇದ್ದದ್ದು ಕಂಪನಿಯ ನಿಯಮದಲ್ಲಿ. ಮಧ್ಯಮ ಗಾತ್ರದ ಕಾರಿಗೆ 330 ಘನ ಇಂಚು ಮೀರಿದ ಎಂಜಿನ್ ಹಾಕುವಂತಿಲ್ಲ. ಹೊಸ ಕಾರು ಎಂದು ಮೇಲಿನವರ ಮುಂದೆ ಇಟ್ಟಿದ್ದರೆ ಅಲ್ಲೇ ಕತ್ತರಿ ಬೀಳುತ್ತಿತ್ತು. ಆದರೆ ಹೆಚ್ಚುವರಿ ಸಲಕರಣೆಗಳ ಪಟ್ಟಿಯನ್ನು ಮೇಲಿನವರು ನೋಡುವ ಪದ್ಧತಿ ಇರಲಿಲ್ಲ. ರೇಡಿಯೊ, ಚಕ್ರದ ಮುಚ್ಚಳಗಳ ಸಾಲಿನಲ್ಲೇ ಜಿಟಿಓ ಎಂಬ ಒಂದು ಕಟ್ಟು ಸೇರಿಕೊಂಡಿತು. 1964ರ ಮಾದರಿಯ ಟೆಂಪೆಸ್ಟ್‌ನಲ್ಲಿ ಲೆಮಾನ್ಸ್ ಎಂಬ ಬಗೆಯನ್ನು ಕೊಳ್ಳುವಾಗ ಸುಮಾರು 296 ಡಾಲರ್ ಹೆಚ್ಚಿಗೆ ಕೊಟ್ಟರೆ ದೊಡ್ಡ ಎಂಜಿನ್, ಗಟ್ಟಿ ಸ್ಪ್ರಿಂಗು, ಎರಡು ಸೈಲೆನ್ಸರ್ ಬರುತ್ತಿದ್ದವು. ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡಿದವರಿಗೆ ಈ ಜಾಣ್ಮೆ ಹೊಸದಲ್ಲ. ಹೊಸ ಕಟ್ಟಡಕ್ಕೆ ಮಂಜೂರಾತಿ ಸಿಗದಿದ್ದಾಗ ಹಳೆಯದರ ದುರಸ್ತಿ ಎಂದು ಬರೆಯುತ್ತಾರಲ್ಲ, ಅದೇ.

ಮಾರಾಟದವರಿಗೆ ಇದರ ಮೇಲೆ ನಂಬಿಕೆಯಿರಲಿಲ್ಲ. ಐದು ಸಾವಿರ ಸಾಕು ಎಂದರು. ಮೊದಲ ವರ್ಷವೇ 32,450 ಹೋದವು. 1966ರಲ್ಲಿ 96,946. ಮೇಲಿನವರಿಗೆ ವಿಷಯ ತಿಳಿಯುವ ಹೊತ್ತಿಗೆ ಲಾಭ ಕಣ್ಣೆದುರಿಗಿತ್ತು. ನಿಯಮ ಮುರಿದವರನ್ನು ಹಿಡಿದು ಕೇಳುವ ಉತ್ಸಾಹ ಯಾರಿಗೂ ಉಳಿಯಲಿಲ್ಲ.

ಹೆಸರೂ ಕದ್ದದ್ದೇ. ಫೆರಾರಿಯವರ 250 ಜಿಟಿಓದಿಂದ ಡಿಲೋರಿಯನ್ ಸಲೀಸಾಗಿ ಎತ್ತಿಕೊಂಡರು. ಇಟಲಿಯ ಭಾಷೆಯಲ್ಲಿ ಅದರ ಅರ್ಥ, ರೇಸಿಗೆ ಅಧಿಕೃತ ಮಾನ್ಯತೆ ಪಡೆದ ಕಾರು ಎಂದು. ಪಾಂಟಿಯಾಕ್‌ಗೆ ಯಾವ ರೇಸಿನ ಮಾನ್ಯತೆಯೂ ಇರಲಿಲ್ಲ. ಅಮೆರಿಕದ ಹುಡುಗರು ಇಟಲಿಯ ಗೊಡವೆಗೆ ಹೋಗದೆ, ಅಕ್ಷರಗಳನ್ನು ಹಿಂದುಮುಂದು ಮಾಡಿ, ನಡುವೆ ಒಂದು ‘ಎ’ ತೂರಿಸಿ ‘ಗೋಟ್’ ಎಂದು ಕರೆದರು. ಮೇಕೆ! ಫೆರಾರಿಯ ಲಾಂಛನ ಮುಂಗಾಲೆತ್ತಿದ ಕುದುರೆ, ಇದು ಮೇಕೆ. ನನಗೆ ಈ ಅಡ್ಡಹೆಸರೇ ಇಷ್ಟ.

1964ರ ಮಾರ್ಚಿನಲ್ಲಿ ಅಲ್ಲಿನ ಒಂದು ಪ್ರಮುಖ ಕಾರು ಪತ್ರಿಕೆ ಮೇಕೆಯನ್ನೂ ಕುದುರೆಯನ್ನೂ ಹೋಲಿಸಿ ಬರೆಯಿತು. ಫೆರಾರಿ ಪರೀಕ್ಷೆಗೆ ಬರಲೇ ಇಲ್ಲ, ಹೋಲಿಕೆ ಕಾಗದದ ಮೇಲೆಯೇ. ಪಾಂಟಿಯಾಕ್ ಮಾತ್ರ ಗಂಟೆಗೆ ಅರವತ್ತು ಮೈಲಿ ವೇಗವನ್ನು 4.6 ಸೆಕೆಂಡಿನಲ್ಲಿ ಮುಟ್ಟಿತು ಎಂದು ಅಚ್ಚಾಯಿತು. ಓದಿದವರು ದಂಗಾದರು. ಪಾಂಟಿಯಾಕ್ ಪರವಾಗಿ ಪ್ರಚಾರದ ಉಸ್ತುವಾರಿ ನೋಡುತ್ತಿದ್ದ ಜಿಮ್ ವ್ಯಾಂಗರ್ಸ್ ಎಷ್ಟೋ ವರ್ಷಗಳ ನಂತರ ನಿಜ ಒಪ್ಪಿಕೊಂಡರು: ಆ ಕಾರಿನಲ್ಲಿದ್ದದ್ದು 389 ಅಲ್ಲ, ಸದ್ದಿಲ್ಲದೆ ಕೂರಿಸಿದ್ದ 421. ಹೊರ ಅಳತೆ ಒಂದೇ ಆದ್ದರಿಂದ ಬಾನೆಟ್ ತೆರೆದು ನೋಡಿದವರಿಗೂ ಗೊತ್ತಾಗಲಿಲ್ಲ. ಹೊರಗೊಂದು ಒಳಗೊಂದು ಎಂಬುದು ಈ ಕಾರಿನ ಜಾತಕದಲ್ಲೇ ಇದೆ. ಈ ಮಾತು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ನನ್ನ ತಲೆಗೇ ಸುತ್ತಿಕೊಳ್ಳಲಿದೆ.

ಉಳಿದ ಕಂಪನಿಗಳು ಸುಮ್ಮನಿರುತ್ತವೆಯೇ? ನಿಮ್ಮಲ್ಲಿ ಅನೇಕರು ಮಸ್ಟಾಂಗ್ ಹೆಸರು ಹೇಳಲು ಕಾಯುತ್ತಿದ್ದೀರಿ. ಫೋರ್ಡ್‌ನ ಮಸ್ಟಾಂಗ್ 1964ರ ಏಪ್ರಿಲ್ 17ರಂದು ನ್ಯೂಯಾರ್ಕಿನ ವಿಶ್ವಮೇಳದಲ್ಲಿ ಬಿಡುಗಡೆಯಾಯಿತು. ಆರಂಭದ ಬೆಲೆ 2,368 ಡಾಲರ್. ಎರಡು ವರ್ಷ ತುಂಬುವ ಮೊದಲೇ ಹತ್ತು ಲಕ್ಷ ಮಾರಾಟವಾಯಿತು. ಅದು ಚೆಲುವ, ಜಟ್ಟಿಯಲ್ಲ. ಅಂದರೆ ಹೆಚ್ಚಿನವರು ಕೊಂಡದ್ದು ಸಾಧಾರಣ ಎಂಜಿನ್ ಇದ್ದದ್ದನ್ನೇ. ಅದರ ಕೆಲವು ಮಾದರಿಗಳು ಗರಡಿಗೆ ಸೇರಿದವು ನಿಜ. ನಮ್ಮ ದೇಶಕ್ಕೆ ಅದು ಅಧಿಕೃತವಾಗಿ ಬಂದದ್ದು 2016ರಲ್ಲಿ, ಸುಮಾರು 65 ಲಕ್ಷ ರೂಪಾಯಿಗೆ. ಜಟ್ಟಿಗಳನ್ನು ಕೂಲಿಕಾರರ ಕಾರು ಎಂದು ನಾನು ಇಲ್ಲಿ ಹೊಗಳಲು ಹೊರಟಿರುವಾಗ ಆ ಬೆಲೆ ಹೇಳಲು ಸಂಕೋಚವಾಗುತ್ತದೆ.

ಕ್ರೈಸ್ಲರ್ ಕಂಪನಿಯವರ ಅಸ್ತ್ರ ಹೆಮಿ ಎಂಬ ಎಂಜಿನ್. 426 ಘನ ಇಂಚು, ಏಳು ಲೀಟರ್. 1964ರ ಫೆಬ್ರವರಿಯಲ್ಲಿ ಡೇಟೋನಾದ 500 ಮೈಲಿ ಪಂದ್ಯದಲ್ಲಿ ಅದು ಮೊದಲ ಮೂರು ಸ್ಥಾನಗಳನ್ನೂ ಬಾಚಿಕೊಂಡಿತು. ಗೆದ್ದವರು ರಿಚರ್ಡ್ ಪೆಟ್ಟಿ. ಸಾಮಾನ್ಯರು ಕೊಳ್ಳುವ ಕಾರಿನಲ್ಲಿ ಇಲ್ಲದ ಎಂಜಿನ್ ಎಂಬ ಆಕ್ಷೇಪ ಬಂದು ಮರುವರ್ಷ ಅದನ್ನು ರೇಸಿನಿಂದ ಹೊರಗಿಟ್ಟರು. ಹಾಗಾದರೆ ಸಾಮಾನ್ಯರಿಗೂ ಕೊಡುತ್ತೇವೆ ಎಂದು ಕ್ರೈಸ್ಲರ್ 1966ರಲ್ಲಿ ಅದನ್ನು ಅಂಗಡಿಗೇ ತಂದಿತು. ಜಗಳದ ಹಟಕ್ಕೆ ಹುಟ್ಟಿದ ಎಂಜಿನ್ ಅದು.

1968ರ ಪ್ಲಿಮತ್ ರೋಡ್ ರನ್ನರ್ ಮೇಲೆ ನನಗೆ ವಿಶೇಷ ಮಮತೆ. ಅಷ್ಟರಲ್ಲಿ ಜಟ್ಟಿಗಳಿಗೂ ಶ್ರೀಮಂತಿಕೆ ಬಂದುಬಿಟ್ಟಿತ್ತು. ಪ್ಲಿಮತ್‌ನವರು ನೆಲಹಾಸು, ಅಲಂಕಾರ ಎಲ್ಲ ಕಿತ್ತು, ಗಟ್ಟಿ ಎಂಜಿನ್ ಇಟ್ಟು, 2,896 ಡಾಲರಿಗೆ ಕೊಟ್ಟರು. ವ್ಯಂಗ್ಯಚಿತ್ರದ ಒಂದು ಹಕ್ಕಿಯ ಹೆಸರು ಬಳಸಲು ವಾರ್ನರ್ ಬ್ರದರ್ಸ್‌ಗೆ 50,000 ಡಾಲರ್ ತೆತ್ತು, ಅದೇ ಹಕ್ಕಿಯ ಹಾಗೆ ‘ಬೀಪ್ ಬೀಪ್’ ಎನ್ನುವ ಹಾರನ್ ಕೂರಿಸಿದರು. ನೆಲಕ್ಕೆ ಕಾರ್ಪೆಟ್ ಇಲ್ಲ, ಹಾರನ್ ಮಾತ್ರ ತಮಾಷೆಯದು. ಸಂಬಳದ ಮೊದಲ ವಾರದ ಹುಡುಗನ ಮನಸ್ಸನ್ನು ಇಷ್ಟು ಚೆನ್ನಾಗಿ ಅರಿತ ಕಾರು ಇನ್ನೊಂದಿಲ್ಲ.

ಈ ಕಾರುಗಳನ್ನು ಕೊಂಡವರು ಯಾರು? ಬಹುಪಾಲು ಅವನ್ನು ಕಟ್ಟಿದವರ ಮಕ್ಕಳು, ಎಷ್ಟೋ ಸಲ ಕಟ್ಟಿದವರೇ. ಡೆಟ್ರಾಯಿಟ್ ನಗರದಿಂದ ವಾಯವ್ಯಕ್ಕೆ ಪಾಂಟಿಯಾಕ್ ಊರಿನವರೆಗೆ ವುಡ್‌ವರ್ಡ್ ಅವೆನ್ಯೂ ಎಂಬ ಅಗಲವಾದ ರಸ್ತೆ ಹೋಗುತ್ತದೆ. ಶುಕ್ರವಾರ ರಾತ್ರಿ ಇಬ್ಬರು ಕೆಂಪು ದೀಪದಲ್ಲಿ ಅಕ್ಕಪಕ್ಕ ನಿಂತರೆ ಮುಂದಿನ ದೀಪದವರೆಗೆ ಪಂದ್ಯ. ಕಂಪನಿಗಳ ಎಂಜಿನಿಯರ್‌ಗಳು ಸಹ ಇನ್ನೂ ಮಾರುಕಟ್ಟೆಗೆ ಬಾರದ ಎಂಜಿನ್‌ಗಳನ್ನು ಕತ್ತಲಲ್ಲಿ ಅಲ್ಲಿಗೆ ತಂದು ಪರೀಕ್ಷಿಸುತ್ತಿದ್ದರು. 1995ರಿಂದ ಪ್ರತಿ ಆಗಸ್ಟಿನಲ್ಲಿ ಆ ದಿನಗಳ ನೆನಪಿಗೆ ಹಳೆಯ ಕಾರುಗಳ ದೊಡ್ಡ ಜಾತ್ರೆ ಅಲ್ಲಿ ಸೇರುತ್ತದೆ.

ಆದರೆ ಆ ಜಾತ್ರೆಯ ಭೂಪಟ ನೋಡಿ. ಅದು ಎಂಟು ಮೈಲಿ ರಸ್ತೆಯಿಂದ ಉತ್ತರಕ್ಕೆ ಹಬ್ಬಿದೆ. ಆ ರಸ್ತೆಯೇ ಡೆಟ್ರಾಯಿಟ್ ನಗರದ ಗಡಿ. ಬಹುಕಾಲ ಕರಿಯರ ಮತ್ತು ಬಿಳಿಯರ ನಡುವಿನ ಗಡಿಯೂ ಅದೇ ಆಗಿತ್ತು. ಒಂದೇ ಕಾರ್ಖಾನೆಯಲ್ಲಿ ಬೆವರು ಸುರಿಸಿದವರು ಸಂಜೆ ಬೇರೆ ಬೇರೆ ಊರಿಗೆ ಹೋಗುತ್ತಿದ್ದರು. 1967ರ ಜುಲೈಯಲ್ಲಿ ಜನಾಂಗೀಯ ಗಲಭೆಯೆದ್ದು ನಗರ ಹೊತ್ತಿ ಉರಿಯಿತು, 43 ಜನ ಸತ್ತರು. ಜಟ್ಟಿ ಕಾರುಗಳ ಸುವರ್ಣಯುಗ ಎಂದು ನಾವು ಬಣ್ಣಿಸುವುದು ಇದೇ ವರ್ಷಗಳನ್ನು. ಎರಡನ್ನೂ ಒಟ್ಟಿಗೆ ಹೇಳದೆ ಹೋದರೆ ನನಗೆ ಸಮಾಧಾನವಿಲ್ಲ.

ಹಾಗೆ ಹೇಳುವಾಗ ಕಪ್ಪು ಭೂತದ ಕತೆಯೂ ಬರಬೇಕು. ಎಪ್ಪತ್ತರ ದಶಕದ ವುಡ್‌ವರ್ಡ್‌ನಲ್ಲಿ ರಾತ್ರಿ ಒಂದು ಕಪ್ಪು ಬಣ್ಣದ ಡಾಡ್ಜ್ ಚಾಲೆಂಜರ್ ಪ್ರತ್ಯಕ್ಷವಾಗುತ್ತಿತ್ತು. 1970ರ ಮಾದರಿ, ಹೆಮಿ ಎಂಜಿನ್, ಹಿಂಭಾಗಕ್ಕೆ ಬಿಳಿ ಪಟ್ಟಿ. ಬಂದು, ಗೆದ್ದು, ಮಾತಾಡದೆ ಹೋಗುತ್ತಿತ್ತು, ತಿಂಗಳುಗಟ್ಟಲೆ ಪತ್ತೆಯಿಲ್ಲ. ಓಡಿಸುತ್ತಿದ್ದವರು ಡೆಟ್ರಾಯಿಟ್‌ನ ಒಬ್ಬ ಕರಿಯ ಪೊಲೀಸ್ ಅಧಿಕಾರಿ. ಹಗಲು ಸಂಚಾರ ನಿಯಮ ಕಾಯುವವರು! ಮಾತಾಡದೆ ಹೋಗುತ್ತಿದ್ದದ್ದು ಏಕೆಂದು ಈಗ ಅರ್ಥವಾಯಿತಲ್ಲ. ಅವರು ತೀರಿಕೊಳ್ಳುವ ಮುನ್ನ ಕಾರನ್ನು ಮಗನಿಗೆ ಕೊಟ್ಟರು. 2023ರ ಹರಾಜಿನಲ್ಲಿ ಅದು ಸುಮಾರು ಹತ್ತು ಲಕ್ಷ ಡಾಲರಿಗೆ ಹೋಯಿತು. ಅದಕ್ಕೂ ಒಂಬತ್ತು ವರ್ಷ ಮುಂಚೆ ಸಿಯಾಟಲ್‌ನಲ್ಲಿ 1971ರ ಒಂದು ಪ್ಲಿಮತ್ ಹೆಮಿ ಕುಡಾ 35 ಲಕ್ಷ ಡಾಲರ್ ತಂದಿತ್ತು. ಪೊಲೀಸನೊಬ್ಬ ಸಂಬಳದಲ್ಲಿ ಕೊಳ್ಳಬಹುದಾಗಿದ್ದ ಕಾರು ಈಗ ಹವಾನಿಯಂತ್ರಿತ ಕೋಣೆಯಲ್ಲಿ ಹೊದಿಕೆ ಹೊದ್ದು ಮಲಗಿದೆ.

ಈಗ ನನ್ನ ಕಸುಬಿಗೆ ಬರುತ್ತೇನೆ. ಮೊದಲ ಜಿಟಿಓದ ತೂಕ ಸುಮಾರು 1,600 ಕಿಲೋ. ಗಂಟೆಗೆ 160 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುವ ಅಂಥ ಕಾರನ್ನು ಒಮ್ಮೆ ನಿಲ್ಲಿಸಿದರೆ ಹುಟ್ಟುವ ಶಾಖ ಎಷ್ಟು ಗೊತ್ತೇ? ಐದು ಲೀಟರ್ ತಣ್ಣೀರನ್ನು ಕುದಿಯಲು ಹಚ್ಚುವಷ್ಟು. ಒಲೆಯ ಮೇಲೆ ಅದಕ್ಕೆ ಕಾಲು ಗಂಟೆಯಾದರೂ ಬೇಕು. ಇಲ್ಲಿ ಕೆಲವೇ ಸೆಕೆಂಡುಗಳಲ್ಲಿ ಆ ಶಾಖವೆಲ್ಲ ನಾಲ್ಕು ಕಬ್ಬಿಣದ ಡ್ರಮ್‌ಗಳಿಗೆ ಇಳಿಯಬೇಕು. ಡ್ರಮ್‌ನ ಅಗಲ ಒಂಬತ್ತೂವರೆ ಇಂಚು. ನಮ್ಮ ಮನೆಯ ದೋಸೆ ಹೆಂಚು ಅದಕ್ಕಿಂತ ದೊಡ್ಡದು. ಡ್ರಮ್ ಬಿಸಿಯಾದರೆ ಹಿಗ್ಗುತ್ತದೆ. ಬ್ರೇಕ್ ಶೂ ಒಳಗಿನಿಂದ ಒತ್ತುವುದು. ಡ್ರಮ್ ಹಿಗ್ಗಿದಷ್ಟೂ ಅದರಿಂದ ದೂರ ಸರಿಯುತ್ತದೆ. ಲೈನಿಂಗ್ ಕಾದು ಹಿಡಿತ ಬಿಡುತ್ತದೆ. ಮೊದಲ ಸಲ ನಿಂತೀತು. ಬೆನ್ನಿಗೇ ಎರಡನೆಯ ಸಲ ಒತ್ತಿದರೆ ಪೆಡಲ್ ನೆಲಕ್ಕೆ ಹೋಗುತ್ತದೆ, ಕಾರು ಮುಂದಕ್ಕೆ ಹೋಗುತ್ತದೆ. ಸಾಲದ್ದಕ್ಕೆ ಬ್ರೇಕ್ ಎಣ್ಣೆಯ ದಾರಿ ನಾಲ್ಕೂ ಚಕ್ರಕ್ಕೆ ಒಂದೇ. ಎಲ್ಲಾದರೂ ಒಂದು ಕಡೆ ಸೋರಿತೋ, ಎಲ್ಲ ಹೋಯಿತು. ಎರಡು ದಾರಿಗಳ ವ್ಯವಸ್ಥೆಯೂ ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕೂ ಜಿಟಿಓಗೆ ಬಂದದ್ದು 1967ರ ಮಾದರಿಯಲ್ಲಿ. ಡಿಸ್ಕಿಗೆ ಬೇರೆ ಹಣ ಕೊಡಬೇಕಿತ್ತು.

ಎದೆ ಬೆಳೆಸಿದವರು ಕಾಲು ಬೆಳೆಸಲಿಲ್ಲ. ಏಕೆ ಎಂದರೆ ಎದೆಗೆ ಗಿರಾಕಿ ಇದ್ದರು, ಕಾಲಿಗೆ ಇರಲಿಲ್ಲ. ಎಷ್ಟು ಹುಡುಗರು ಇದಕ್ಕೆ ಬಲಿಯಾದರು ಎಂಬುದನ್ನು ವಿಮಾ ಕಂಪನಿಗಳು ನಮಗಿಂತ ಮೊದಲು ಲೆಕ್ಕ ಹಾಕಿದವು. ಎಪ್ಪತ್ತರ ಹೊತ್ತಿಗೆ ಇಪ್ಪತ್ತೈದು ತುಂಬದ ಹುಡುಗ ಇಂಥ ಕಾರು ಕೊಂಡರೆ ಕಂತಿಗಿಂತ ವಿಮೆಯೇ ಭಾರವಾಗುವ ಸ್ಥಿತಿ ಬಂತು.

ಜಟ್ಟಿಗಳ ಅಂತ್ಯಕ್ಕೆ ಅರಬ್ಬರ ಎಣ್ಣೆ ನಿರ್ಬಂಧವೇ ಕಾರಣ ಎಂಬುದು ರೂಢಿಯ ಮಾತು. ನಾನು ಒಪ್ಪುವುದಿಲ್ಲ. ಆ ನಿರ್ಬಂಧ ಬಂದದ್ದು 1973ರ ಅಕ್ಟೋಬರಿನಲ್ಲಿ. ಅಷ್ಟರಲ್ಲಿ ರೋಗಿ ಹಾಸಿಗೆ ಹಿಡಿದು ಮೂರು ವರ್ಷವಾಗಿತ್ತು. ವಿಮೆಯ ವಿಷಯ ಹೇಳಿದೆ. 1970ರಲ್ಲಿ ವಾಯು ಶುದ್ಧತೆಯ ಕಾಯಿದೆ ಬಿಗಿಯಾಯಿತು. ಹೊಗೆ ಶುದ್ಧಿ ಮಾಡುವ ಸಾಧನ ಸೀಸ ಬೆರೆತ ಪೆಟ್ರೋಲಿಗೆ ಕೆಡುತ್ತದೆ. ಸೀಸವಿಲ್ಲದ ಪೆಟ್ರೋಲಿಗೆ ಒಗ್ಗಲೆಂದು 1971ರ ಮಾದರಿಗಳಿಂದಲೇ ಜನರಲ್ ಮೋಟರ್ಸ್ ಎಂಜಿನ್‌ಗಳ ಒತ್ತಡದ ಪ್ರಮಾಣ ಇಳಿಸಿತು, ಕಸುವು ಕುಸಿಯಿತು. ಅಶ್ವಶಕ್ತಿ ಅಳೆಯುವ ಕ್ರಮವೂ 1972ರ ಹೊತ್ತಿಗೆ ಬದಲಾಯಿತು. ಅದುವರೆಗೆ ಫ್ಯಾನು, ಸೈಲೆನ್ಸರ್ ಏನೂ ಇಲ್ಲದ ಬರಿಯ ಎಂಜಿನ್ನನ್ನು ಮೇಜಿನ ಮೇಲಿಟ್ಟು ಅಳೆಯುತ್ತಿದ್ದರು. ಕಾಫಿ ತೋಟದವರಿಗೆ ಒಂದೇ ಮಾತಿನಲ್ಲಿ ಹೇಳಬಹುದು: ಹಣ್ಣು ತೂಗಿ ಇಳುವರಿ ಹೇಳುತ್ತಿದ್ದರು, ಈಗ ಒಣಗಿದ ಬೀಜ ತೂಗಿ ಎಂದರು. 425 ಎನ್ನುತ್ತಿದ್ದ ಹೆಮಿ ಹೊಸ ತಕ್ಕಡಿಯಲ್ಲಿ 350 ಆಯಿತು.

ನನ್ನ ಕಾರಿನ ವಿಷಯ ಹೇಳದೆ ಬಿಡುವುದಿಲ್ಲ ಎಂದು ಮುಂದಿನ ಸಾಲಿನವರ ಮುಖ ಹೇಳುತ್ತಿದೆ. ಮಿಷಿಗನ್‌ಗೆ ಹೋಗಿ ಹನ್ನೊಂದು ವರ್ಷಕ್ಕೆ, ಮನೆಯ ಸಾಲದ ನಡುವೆ, ಒಂದು 1965ರ ಜಿಟಿಓ ಕೊಂಡೆ. ಒಂದರ ಮೇಲೊಂದು ದೀಪ, ಕೆಂಪು ಬಣ್ಣ, ನಾಲ್ಕು ಗೇರು, ಜಾಲರಿಯಲ್ಲಿ ಮೂರು ಅಕ್ಷರ. ಹುರುಳಿ ಡಬ್ಬಿಯ ಕೆಳಗಿನ ಕಾರೇ. ಮಾರಿದವನು ನೂರಕ್ಕೆ ನೂರು ಅಸಲಿ ಎಂದ. ನಾನು ಬ್ರೇಕ್ ನೋಡಿದೆನೇ ಹೊರತು ಕಾಗದ ನೋಡಲಿಲ್ಲ.

ಮೊದಲ ಬೇಸಿಗೆಯಲ್ಲೇ ವುಡ್‌ವರ್ಡ್ ಜಾತ್ರೆಗೆ ಹೋದೆ. ಪಾಂಟಿಯಾಕ್‌ನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದ ವೃದ್ಧರೊಬ್ಬರು ಮಡಚುವ ಕುರ್ಚಿಯಿಂದ ಎದ್ದು ಬಂದು ಬಾನೆಟ್ ಎತ್ತಿಸಿದರು. ಎಂಜಿನ್‌ನ ಮುಂಭಾಗದಲ್ಲಿ ಕೊರೆದ ಅಕ್ಷರಗಳ ಮೇಲೆ ಹೆಬ್ಬೆರಳಿನಿಂದ ಎಣ್ಣೆಯ ಕೊಳೆ ಒರೆಸಿದರು. ಕನ್ನಡಕ ಹಣೆಗೇರಿಸಿ ಓದಿದರು. ಏನೂ ಹೇಳಲಿಲ್ಲ. “ಕಾರ್ಖಾನೆಯ ದಾಖಲೆ ತರಿಸಿಕೊಂಡಿದ್ದೀರಾ?” ಎಂದಷ್ಟೇ ಕೇಳಿ, ನನ್ನ ಭುಜ ತಟ್ಟಿ, ಹೋಗಿ ಕುರ್ಚಿಯಲ್ಲಿ ಕುಳಿತರು. ಆ ಭುಜ ತಟ್ಟಿದ ರೀತಿಯಲ್ಲೇ ನನ್ನ ಹೊಟ್ಟೆ ತೊಳಸಿತು.

ದಾಖಲೆ ತರಿಸಿದೆ. ಕಾರು ಕಾರ್ಖಾನೆಯಿಂದ ಹೊರಟದ್ದು ಬಿಳಿ ಬಣ್ಣದಲ್ಲಿ, ಎರಡು ಗೇರಿನ ಆಟೊಮ್ಯಾಟಿಕ್ ಮತ್ತು 326 ಎಂಜಿನ್ ಹೊತ್ತು. ಅಂದರೆ ಸಾಧಾರಣ ಲೆಮಾನ್ಸ್. ಯಾರೋ ಪುಣ್ಯಾತ್ಮರು ನಡುವೆ ಎಲ್ಲೋ 326 ಇಳಿಸಿ 389 ಏರಿಸಿ, ಅಕ್ಷರ ಮೂರು ಅಂಟಿಸಿದ್ದರು. ಕಾರಿನ ಗುರುತಿನ ಸಂಖ್ಯೆಯಿಂದ ಇದು ತಿಳಿಯುವುದಿಲ್ಲ. 1966ರಲ್ಲಿ ಜಿಟಿಓ ಸ್ವತಂತ್ರ ಮಾದರಿಯಾಗುವವರೆಗೆ ಅದಕ್ಕೂ ಲೆಮಾನ್ಸ್‌ಗೂ ಸಂಖ್ಯೆಯ ಆರಂಭ ಒಂದೇ. ಮೇಲಿನವರ ಕಣ್ಣು ತಪ್ಪಿಸಲು ಹೂಡಿದ ಆ ಹಳೆಯ ಉಪಾಯ ಮೂರು ದಶಕ ದಾಟಿ ಬಂದು ನನ್ನನ್ನು ಹೊಡೆದಿತ್ತು.

ವಾರವಿಡೀ ಯಾರೊಂದಿಗೂ ಮಾತಾಡಲಿಲ್ಲ. ಕೊನೆಗೆ ಹೆಂಡತಿ ಊಟಕ್ಕೆ ಬಡಿಸುತ್ತ ಕೇಳಿದಳು: “ಆ ಶನಿವಾರ ಮೈದಾನದಲ್ಲಿ ಅವರು ಮಾಡಿದ್ದೇನು? 326 ತೆಗೆದು 389 ಹಾಕಿದರು ಎಂದು ನೀವೇ ಹತ್ತು ಸಲ ಹೇಳಿದ್ದೀರಿ. ಇವನೂ ಅದನ್ನೇ ಮಾಡಿದ್ದಾನೆ. ಅವರದು ಅಸಲಿ, ಇದು ನಕಲಿ ಹೇಗೆ?” ನನ್ನಲ್ಲಿ ಉತ್ತರ ಇರಲಿಲ್ಲ, ಇಂದಿಗೂ ಇಲ್ಲ. ಸಾರು ಮಾತ್ರ ಎರಡನೆಯ ಸಲ ಹಾಕಿಸಿಕೊಂಡೆ.

ನಕಲಿಯಾದದ್ದರಿಂದ ಒಂದು ಲಾಭವಾಯಿತು. ಅಸಲಿ ಕಾರಿಗೆ ಒಂದು ನಟ್ಟು ಬದಲಿಸಿದರೂ ಬೆಲೆ ಬೀಳುತ್ತದೆ ಎಂದು ಮಾಲೀಕರು ನಡುಗುತ್ತಾರೆ. ನನಗೆ ಆ ಭಯವಿಲ್ಲ. ಮುಂದಿನ ಚಕ್ರಗಳಿಗೆ ಡಿಸ್ಕ್, ಎಣ್ಣೆಗೆ ಎರಡು ದಾರಿ, ಒಳ್ಳೆಯ ಟೈರು, ಎಲ್ಲವನ್ನೂ ನಾನೇ ಕೂತು ಹಾಕಿದೆ. ನನ್ನ ಮೇಕೆ ಈಗ ನಿಲ್ಲುತ್ತದೆ.

ಪಾಂಟಿಯಾಕ್ ಹೆಸರು 2010ಕ್ಕೆ ಅಳಿಯಿತು. 2023ರ ಡಿಸೆಂಬರಿನಲ್ಲಿ ಕೆನಡಾದ ಬ್ರ್ಯಾಂಪ್ಟನ್ ಕಾರ್ಖಾನೆಯಿಂದ ಕೊನೆಯ ಚಾಲೆಂಜರ್ ಹೊರಬಂತು. ಅದೇ ಮನೆತನದ ಹೊಸ ಚಾರ್ಜರ್ ಮೊದಲು ಬಂದದ್ದು ಬ್ಯಾಟರಿಯಲ್ಲಿ ಓಡುವ ರೂಪದಲ್ಲಿ. ಹಳಬರಿಗೆ ಬೇಸರವಾಗದಿರಲಿ ಎಂದು ಅದರಲ್ಲಿ ಕೃತಕವಾಗಿ ಸದ್ದು ಹೊರಡಿಸುವ ಒಂದು ಪೆಟ್ಟಿಗೆ ಇಟ್ಟಿದ್ದಾರೆ. ಬ್ಯಾಟರಿಗೆ ನನ್ನ ತಕರಾರಿಲ್ಲ, ಅದರ ಪಿಕಪ್ ಮುಂದೆ ನನ್ನ ಮೇಕೆ ಮುದಿ ಎತ್ತು. ತಕರಾರು ಆ ಸದ್ದಿನ ಬಗ್ಗೆ. ಅದು ಅಲಂಕಾರಕ್ಕೆ ಇಟ್ಟದ್ದು. ಹಳೆಯ ಸದ್ದು ಯಂತ್ರದ ಒಳಗಿನ ಲೆಕ್ಕದಿಂದ ತಾನಾಗಿ ಬಂದದ್ದು.

ಮಾತು ಮುಗಿದಾಗ ಮೊದಲ ಪ್ರಶ್ನೆ ನಿರೀಕ್ಷಿಸಿದ್ದೇ: “ಮೈಲೇಜ್ ಎಷ್ಟು ಕೊಡುತ್ತದೆ?” ಲೀಟರಿಗೆ ನಾಲ್ಕೂವರೆ ಕಿಲೋಮೀಟರ್, ಇಳಿಜಾರಿನಲ್ಲಿ. ಎರಡನೆಯದು ಕಾಲೇಜು ಹುಡುಗಿಯೊಬ್ಬಳದು: ಆ ಲೆಕ್ಕ ಏನು, ಆ ಸದ್ದು ಮಿಕ್ಕ ಕಾರುಗಳ ಹಾಗೇಕಿಲ್ಲ?

ವಿ-8ರಲ್ಲಿ ಎಡಗಡೆ ನಾಲ್ಕು ಸಿಲಿಂಡರ್, ಬಲಗಡೆ ನಾಲ್ಕು. ಎಡಕ್ಕೆ 1, 3, 5, 7; ಬಲಕ್ಕೆ 2, 4, 6, 8. ಅವು ಉರಿಯುವ ಕ್ರಮ 1-8-4-3-6-5-7-2. ಎಡ ಬಲ ಎಂದು ಓದಿದರೆ: ಎಡ, ಬಲ, ಬಲ, ಎಡ, ಬಲ, ಎಡ, ಎಡ, ಬಲ. ಎಂಟು ಅಕ್ಷರದ ಒಂದು ಆವರ್ತನ, ಆದಿತಾಳದಷ್ಟೇ. ಎಡಗಡೆಯ ಪೆಟ್ಟುಗಳು ಬೀಳುವುದು ಒಂದು, ನಾಲ್ಕು, ಆರು, ಏಳನೆಯ ಅಕ್ಷರಕ್ಕೆ. ಅವುಗಳ ನಡುವಿನ ಅಂತರ ಮೂರು, ಎರಡು, ಒಂದು, ಎರಡು. ಬಾಯಲ್ಲೇ ಮೃದಂಗದ ಸೊಲ್ಲು ನುಡಿಸುವ ಕೊನ್ನಕ್ಕೋಲಿನಲ್ಲಿ ಹೇಳುವುದಾದರೆ ತಕಿಟ, ತಕ, ತ, ತಕ. ಬಲಗಡೆಯದು ತ, ತಕ, ತಕಿಟ, ತಕ. ಎರಡು ಬದಿಗೂ ಬೇರೆ ಬೇರೆ ಸೈಲೆನ್ಸರ್ ಇದ್ದರೆ ಎರಡು ಪೈಪಿನಿಂದಲೂ ಈ ಕುಂಟು ನಡೆಯೇ ಹೊರಡುತ್ತದೆ. ನಿಂತಲ್ಲೇ ನಿಧಾನವಾಗಿ ಓಡುವಾಗಲೂ ಸೆಕೆಂಡಿಗೆ ಸುಮಾರು ಆರು ಆವರ್ತನ. ಕಿವಿ ಅದನ್ನು ಗುಡುಗುಡು ಎಂದು ಕೇಳುತ್ತದೆ. ಯುರೋಪಿನ ಕೆಲವು ವಿ-8ಗಳಲ್ಲಿ ಎಡ, ಬಲ, ಎಡ, ಬಲ ಎಂದು ಸಮನಾಗಿ ಪೆಟ್ಟು ಬೀಳುತ್ತದೆ. ಅವು ಅದಕ್ಕೇ ಕೀರಲು ದನಿಯಲ್ಲಿ ಹಾಡುತ್ತವೆ.

ಬಾಯಲ್ಲಿ ಹೇಳಿದ್ದು ಸಾಲದು ಎನಿಸಿತು. ಸಭೆಯನ್ನು ನಡುವಿನ ದಾರಿಯಿಂದ ಎರಡು ಮಾಡಿದೆ. ಎಡಗಡೆಯವರು ಒಂದು, ನಾಲ್ಕು, ಆರು, ಏಳಕ್ಕೆ ಚಪ್ಪಾಳೆ ಹೊಡೆಯಬೇಕು. ಬಲಗಡೆಯವರು ಎರಡು, ಮೂರು, ಐದು, ಎಂಟಕ್ಕೆ. ಮೊದಲ ಸಲ ಮಳೆಗೆ ತಗಡಿನ ಮಾಡು ಸದ್ದು ಮಾಡಿದ ಹಾಗಾಯಿತು. ಎರಡನೆಯ ಸಲ ಎಡಗಡೆಯವರು ಏಳನ್ನು ಮರೆತರು. ಮೃದಂಗ ಕಲಿಯುತ್ತಿರುವ ಹುಡುಗನೊಬ್ಬ ಎದ್ದು ಬಂದು ವೇದಿಕೆಯ ಅಂಚಿನಲ್ಲಿ ಕುಳಿತು ತಾಳ ಹಾಕಿದ. ಮೂರನೆಯ ಸಲ ಹಿಡಿಯಿತು. ಎರಡೂ ಕುಂಟು ನಡೆಗಳು ಒಂದರ ಸಂದಿಯಲ್ಲೊಂದು ಕೂತು ಎಂಟೂ ಪೆಟ್ಟು ಸಮನಾಗಿ ಬಿದ್ದವು. ಹುಡುಗ ಲಯ ಏರಿಸಿದ, ಸಭೆ ಏರಿಸಿತು, ಬಾಗಿಲಲ್ಲಿ ಸಿಕ್ಕಿದ್ದ ಹಿರಿಯರು ಕಣ್ಣು ಮುಚ್ಚಿ ಬಲಗಡೆಯ ಸಾಲಿನಲ್ಲಿ ಎಲ್ಲರಿಗಿಂತ ಜೋರಾಗಿ ಹೊಡೆಯುತ್ತಿದ್ದರು. ನಿಲ್ಲಿಸುವುದು ಹೇಗೆಂದು ಮಾತ್ರ ನಾನು ಯಾರಿಗೂ ಹೇಳಿಕೊಟ್ಟಿರಲಿಲ್ಲ.